ಹಿಮಾಲಯದ ಉತ್ಪತ್ತಿವಿಚಾರ

ಸಂಸ್ಕೃತ ನಿಘಂಟುಗಳು ಬೆಟ್ಟಕ್ಕೆ ಕೊಡುವ ಹೆಸರುಗಳಲ್ಲಿ ಅಚಲ, ನಗ, ಅಗ ಎಂಬ ಮೂರೂ ಒಂದೇ ಅರ್ಥದವು. ಚಲಿಸದುದು, ಎಲ್ಲಿಗೂ ಹೋಗದುದು ಎಂದು. ನಮ್ಮ ಕವಿಗಳೂ ಈ ಮಾತುಗಳನ್ನು ಹಾಗೆಯೇ ಬಳಸಿಕೊಂಡು ಬಂದಿರುವರು. ಆದರೆ ಬೆಟ್ಟಗಳಿಗೆ ಹಿಂದೊಮ್ಮೆ ರೆಕ್ಕೆಗಳಿದ್ದುವೆಂದೂ, ಅವು ಮನಬಂದ ಕಡೆಗೆ ಹಾರಿಹೋಗಿ ಕುಳಿತು ಲೋಕವನ್ನು ಪೀಡಿಸುತ್ತಿರಲು ಇಂದ್ರನು ವಜ್ರಾಯುಧದಿಂದ ಆ ರೆಕ್ಕೆಗಳನ್ನು ಕತ್ತರಿಸಿಹಾಕಿದನೆಂದೂ, ಹಿಮವಂತನ ಮಗನಾದ ಮೈನಾಕನೊಬ್ಬನು ಮಾತ್ರ ಸಮುದ್ರದಲ್ಲಿ ಅಡಗಿ ಉಳಿದುಕೊಂಡನೆಂದೂ ಹೇಳುವ ಕಥೆಯೂ ಅದೇ ಪರಂಪರೆಯಲ್ಲಿಯೇ ಉಂಟು. ಭೂಗರ್ಭಶಾಸ್ತ್ರದ ಚರಿತ್ರೆಯನ್ನು ನೋಡಿದರೆ ವಿದ್ವಾಂಸರು ಬಹುಕಾಲ ನಿಘಂಟಿನ ಪಕ್ಷದಲ್ಲಿದ್ದು, ಕಡೆಗೆ ಬಹು ಕಷ್ಟದಿಂದ ಕಥೆಯ ಪಕ್ಷಕ್ಕೆ ಬಂದರೆಂದು ವಿನೋದವಾಗಿ ಹೇಳಬಹುದು. ಅವರನ್ನು ಹೀಗೆ ತಿರುಗಿಸಿದ ಸಾಕ್ಷ್ಯಗಳಾವುವು ಎಂಬುದನ್ನು ಹಿಮಾಲಯವೊಂದನ್ನೇ ನಿದರ್ಶನವಾಗಿ ಹಿಡಿದು ವಿಚಾರಮಾಡುವುದು ಈ ಲೇಖನದ ಉದ್ದೇಶ. ಆ ಸಾಕ್ಷ್ಯಗಳಲ್ಲಿ ಮುಖ್ಯವಾದ ಹಲವು ಹಿಮಾಲಯದ ಮೇಲೆ ದೊರೆತುವಲ್ಲ; ಗಂಗೆ ಯಮುನೆಗಳ ನಡುವಣ ಬಯಲಿನಲ್ಲಿ, ಒಡಿಶಾದ ಕಲ್ಲಿದ್ದಲ ನೆಲದಲ್ಲಿ, ದಖ್ಖನಿನ ಕಪ್ಪುಕಲ್ಲಿನಲ್ಲಿ, ಹಿಂದೂ ಮಹಾಸಾಗರದ ತಳದಲ್ಲಿ ದೊರೆತುವು. ಅವುಗಳಲ್ಲಿ ಕೆಲವು, ಲೆಕ್ಕದ ತಪ್ಪೆಂದು ಹೇಳಿ ಮುಚ್ಚಿಬಿಡಬಹುದಾಗಿದ್ದಷ್ಟು ಅಲ್ಪವಾಗಿದ್ದುವು. ಒಂದನ್ನು ಮೊದಲು ಹಾಗೆಯೇ ಮುಚ್ಚಿಯೂ ಬಿಟ್ಟಿದ್ದರು.

ಆದರೂ ಪರ್ವತದಲ್ಲಿಯೇ ದೊರೆತ ಸಾಕ್ಷ್ಯದಿಂದ ಮೊದಲುಮಾಡುವುದು ಯುಕ್ತ. ಏತಕ್ಕೆಂದರೆ ಅದು ನಮ್ಮಲ್ಲಿ ಅನೇಕರ ಮನೆಗಳ ದೇವರ ಪೆಟ್ಟಿಗೆಯಲ್ಲಿಯೇ ಇರುವುದು. ನೇಪಾಳದ ಮುಕ್ತಿನಾಥಕ್ಷೇತ್ರದ ಕಡೆಯಿಂದ, ಕಾಳಿಗಂಡಕೀ ನದಿಯ ಪಾತ್ರದಿಂದ ಬರುವ ಸಾಲಿಗ್ರಾಮಶಿಲೆಗಳಲ್ಲಿ ಚಕ್ರದ ಗುರುತುಳ್ಳವನ್ನು ವಿಶೇಷವಾಗಿ ಆದರಿಸುವುದು ವಾಡಿಕೆ. ಈ ಚಕ್ರವು ಅಮೊನೈಟ್ ಎಂಬ, ವಂಶವೇ ಅಳಿದುಹೋಗಿರುವ ಒಂದು ಕಡಲಪ್ರಾಣಿಯ ಸುರುಳಿಚಿಪ್ಪಿನ ಅಚ್ಚು. ಸುಮಾರು ೧೫ ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಎಂದು ಕರೆಯುವ ಕಾಲದಲ್ಲಿ, ಕಡಲಿನ ಕೆಸರಿನೊಳಗೆ ಹೂತುಹೋದ ಚಿಪ್ಪು ಕಲ್ಲಾಗಿ ಈಗ ಹಿಮಾಲಯದ ಹೊಳೆಯಲ್ಲಿ ಉರುಳಿಬರುತ್ತಿರುವುದು. ಎವರೆಸ್ಟ್ ಶಿಖರದ ತುತ್ತತುದಿಯ ಕಲ್ಲೂ ಕಡಲಿನದೇ. ಕಡಲ ಮಟ್ಟದಿಂದ ೮,೮೪೮ ಮೀಟರು ಮೇಲಿರುವ ಆ ಸುಣ್ಣಕಲ್ಲಿನಲ್ಲಿ ಟ್ರೈಲೊಬೈಟ್, ಕ್ರಿನಾಯ್ಡ್ ಮುಂತಾದ ಜಲಚರಗಳ ಚೂರುಗಳಿವೆ. ಅದರ ವಯಸ್ಸು ೪೫ ಕೋಟಿ ವರ್ಷಗಳಿಗೂ ಹೆಚ್ಚು. ಬೆಟ್ಟದ ಮೇಲೆ ಚಿಪ್ಪುಗಳು ಸಿಕ್ಕುವುದನ್ನು ಯೂರೋಪಿನ ಜನರು ಹಿಂದಿನಿಂದಲೂ ಕಂಡಿದ್ದರು. ಜಲಪ್ರಳಯದಲ್ಲಿ ನೀರು ಅಷ್ಟೆತ್ತರಕ್ಕೆ ಏರಿತ್ತೆಂದು ಬಹುಮಂದಿ ಸಮಾಧಾನ ಪಟ್ಟುಕೊಂಡಿದ್ದರು. ಚಿಪ್ಪುಗಳು ಕಲ್ಲಿನ ಮೇಲೆ ಚೆಲ್ಲಿಬಿದ್ದಿದ್ದರೆ ಆ ಮಾತು ಸಲ್ಲಬಹುದಾಗಿತ್ತು. ಅವು ಸಾವಿರಾರು ಅಡಿ ದಪ್ಪವಾದ ಸ್ತರಗಳ ಒಳಗೆ, ಪದರ ಪದರಕ್ಕೂ ಬೇರೆಬೇರೆ ಜಾತಿಗಳಾಗಿ, ಕ್ರಮ ತಪ್ಪದೆ ಸೇರಿಕೊಂಡಿವೆ. ಒಂದು ನೆರೆಯು ಮಾಡುವ ಕೆಲಸ ಇದಲ್ಲ.

ಈ ಕ್ರಮವನ್ನು ಓದುವ ವಿದ್ಯೆಯು ಓಲೆಗ್ರಂಥಗಳನ್ನು ಪರಿಷ್ಕರಿಸಿದವರಿಗೆ ಹೊಸದಾಗಿ ತೋರದು. ದಾರ ಹರಿದು ಗರಿಗಳು ಚೆದರಿದ ಕಟ್ಟೊಂದು ಕೈಗೆ ಬಂದರೆ ಮೊದಲು ಗರಿಯ ಅಂಕಿಯನ್ನು ನೋಡುತ್ತೇವೆ. ಅಂಕಿ ಸವೆದಿದ್ದರೆ ಒಳಗಿನ ಪದ್ಯಗಳ ಸಂಬಂಧದಿಂದ ಹಿಂದುಮುಂದುಗಳನ್ನು ಗೊತ್ತುಮಾಡುತ್ತೇವೆ. ಕೆಳಗಿನ ಸ್ತರವು ಹಳೆಯದು, ಮೇಲಿನದು ಹೊಸದು ಎಂಬ ಮೊದಲ ನಿಯಮವನ್ನು ಡೆನ್ಮಾರ್ಕ್ ದೇಶದ ಸ್ಟೀನೊ ಎಂಬುವನು ೧೬೬೯ರಲ್ಲಿ ಹೇಳಿದನು. ಸ್ತರಗಳು ಚೆದರಿಹೋದೆಡೆಯಲ್ಲಿ ಪಳೆಯುಳಿಕೆಗಳೇ ಗರಿಯ ಅಂಕಿಗಳಾಗುವುವೆಂದು ಕಾಲುವೆ ಅಗೆಯಿಸುತ್ತಿದ್ದ ವಿಲಿಯಂ ಸ್ಮಿತ್ತನು ಕಂಡುಕೊಂಡು, ೧೮೧೫ರಲ್ಲಿ ಇಂಗ್ಲೆಂಡಿನ ಭೂಸ್ತರಗಳ ನಕ್ಷೆಯನ್ನು ಪ್ರಕಟಿಸಿದನು. ಇವರಿಬ್ಬರ ನಡುವೆ ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್ನನು ೧೭೮೮ರಲ್ಲಿ ಸಿಕರ್ ಪಾಯಿಂಟ್ ಎಂಬ ಕಡಲ ಮೂಲೆಯಲ್ಲಿ ಒಂದು ವಿಚಿತ್ರವನ್ನು ತನ್ನ ಸ್ನೇಹಿತರಿಗೆ ತೋರಿಸಿದನು. ಅಲ್ಲಿ ಕೆಳಗಿನ ಸ್ತರಗಳು ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಅವುಗಳ ತಲೆಯನ್ನು ಕೊಯ್ದು ಮಟ್ಟಮಾಡಿದಂತಿರುವ ನೆಲದ ಮೇಲೆ ಕೆಂಪು ಮರಳುಗಲ್ಲಿನ ಸ್ತರಗಳು ಸ್ವಲ್ಪವೇ ಓರೆಯಾಗಿ ಮಲಗಿವೆ. ಮೊದಲನೆಯವು ಕಡಲ ತಳದಲ್ಲಿ ಕೂಡಿ, ಗಟ್ಟಿಯಾಗಿ, ಮಡಿಚಿ, ಮೇಲೆದ್ದು ಬೆಟ್ಟವಾಗಿ, ಆ ಬೆಟ್ಟವು ಮಳೆಗಾಳಿಗಳಿಂದ ಪೂರ್ತಿಯಾಗಿ ಸವೆದುಹೋದ ಮೇಲೆ ಎರಡನೆಯವು ಕೂಡಿರಬೇಕು. ಒಂದು ಬೆಟ್ಟದ ಹುಟ್ಟು ಸಾವುಗಳೆರಡೂ ಆ ಎರಡು ಕಲ್ಲುಗಳ ನಡುವಣ ಗೆರೆಯಲ್ಲಿ ಅಡಗಿದ್ದುವು. ಆ ಗೆರೆಯು ಸುಮಾರು ಆರೂವರೆ ಕೋಟಿ ವರ್ಷಗಳ ಅಂತರವೆಂದು ಈಗ ಎಣಿಸಿರುವರು. ಹಟ್ಟನ್ನನಿಗೆ ಸಂಖ್ಯೆ ಗೊತ್ತಿರಲಿಲ್ಲ. ಕಾಲವು ಅಗಾಧವೆಂಬುದು ಮಾತ್ರ ಗೊತ್ತಾಯಿತು.

ಈ ಅಗಾಧತೆಯ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ವ್ಯಾಜ್ಯವೇ ನಡೆಯಿತು. ಭೂಮಿಯು ಒಂದು ಕಾಲದಲ್ಲಿ ಕರಗಿದ ಗೋಳವಾಗಿದ್ದು ಮೆಲ್ಲಮೆಲ್ಲನೆ ಆರುತ್ತಿರುವುದೆಂದು ಭಾವಿಸಿ, ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು ೧೮೬೨ರಲ್ಲಿ ಅದರ ವಯಸ್ಸು ೨ ಕೋಟಿಗೂ ೪೦ ಕೋಟಿಗೂ ನಡುವೆ ಇರಬೇಕೆಂದು ಗಣಿತದಿಂದ ಸಾಧಿಸಿದನು. ೧೮೯೭ರಲ್ಲಿ ಅದನ್ನು ೨ರಿಂದ ೪ ಕೋಟಿಗೆ ಇಳಿಸಿದನು. ಸ್ತರಗಳನ್ನು ಎಣಿಸುವವರಿಗೆ ಈ ಕಾಲ ಸಾಲದಾಯಿತು. ಗಣಿತದಲ್ಲಿ ತಪ್ಪಿರಲಿಲ್ಲ, ಆಧಾರದಲ್ಲಿ ತಪ್ಪಿತ್ತು. ಕೆಲ್ವಿನ್ನನಲ್ಲಿ ಹಿಂದೆ ಸಹಾಯಕನಾಗಿದ್ದ ಜಾನ್ ಪೆರ್ರಿ ಎಂಬುವನು ೧೮೯೫ರಲ್ಲಿಯೇ, ಭೂಮಿಯ ಒಡಲು ಒಂದಿಷ್ಟು ಹರಿಯುವಂತಿದ್ದರೆ ಲೆಕ್ಕವೆಲ್ಲ ಬದಲಾಗುವುದೆಂದು ತೋರಿಸಿದ್ದನು. ಆ ಮಾತನ್ನು ಆಗ ಹೆಚ್ಚು ಜನ ಲಕ್ಷಿಸಲಿಲ್ಲ. ನಾವು ಮಾತ್ರ ಅದನ್ನು ನೆನಪಿನಲ್ಲಿಟ್ಟುಕೊಂಡಿರಬೇಕು. ಯುರೇನಿಯಂ ಮುಂತಾದ ಧಾತುಗಳು ತಮ್ಮಷ್ಟಕ್ಕೆ ಒಡೆದು ಸೀಸವಾಗುವ ಗತಿಯಿಂದ ಕಲ್ಲಿನ ವಯಸ್ಸನ್ನು ಅಳೆಯುವ ಉಪಾಯವು ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ದೊರೆಯಿತು. ೧೯೫೬ರಲ್ಲಿ ಕ್ಲೇರ್ ಪ್ಯಾಟರ್‌ಸನ್ನನು ಉಲ್ಕಾಶಿಲೆಗಳ ಪರೀಕ್ಷೆಯಿಂದ ಭೂಮಿಯ ವಯಸ್ಸು ೪೫೫ ಕೋಟಿ ವರ್ಷಗಳೆಂದು ಗೊತ್ತುಮಾಡಿದನು. ನಮ್ಮ ಪುರಾಣಗಳು ಬ್ರಹ್ಮನ ಒಂದು ಹಗಲಿಗೆ ೪೩೨ ಕೋಟಿ ವರ್ಷಗಳನ್ನು ಹೇಳುವುದರಿಂದ ಪೂರ್ವಿಕರು ಇದನ್ನು ಬಲ್ಲವರಾಗಿದ್ದರೆಂದು ವಾದಿಸುವವರು ಉಂಟು. ನನಗೆ ಈ ವಾದ ಒಪ್ಪಿಗೆಯಿಲ್ಲ. ಅಳೆದು ಬಂದ ಸಂಖ್ಯೆಯೂ ಯುಗಗಳನ್ನು ಗುಣಿಸಿ ಬಂದ ಸಂಖ್ಯೆಯೂ ನೆರೆಹೊರೆಯಾಗಿ ನಿಂತ ಮಾತ್ರಕ್ಕೆ ಬಂಧುಗಳಾಗುವುದಿಲ್ಲ.

ಕಾಲವು ದೊರೆತರೂ ಪರ್ವತವು ಎದ್ದುದೇಕೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರದ ಮೊದಲ ಎಳೆಯು ಸಿಕ್ಕಿದುದು ಭಾರತದ ಭೂಮಾಪನದ ಲೆಕ್ಕಪುಸ್ತಕದಲ್ಲಿ. ಟಿಪ್ಪುಸುಲ್ತಾನನ ಮೇಲಣ ೧೭೯೯ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನು ಮರುವರ್ಷದ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು ಅಳೆಯಲು ಮೊದಲಿಟ್ಟನು. ೧೮೦೨ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನು ಅಳೆದು ಅಲ್ಲಿಂದ ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. ೧೮೨೩ರಲ್ಲಿ ಆತನು ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟನು ಕನ್ಯಾಕುಮಾರಿಯ ಕಡೆಯಿಂದ ಬಂದ ತ್ರಿಕೋನಗಳ ಸಾಲನ್ನು ಹಿಮಾಲಯದ ಬುಡದವರೆಗೂ ಮುಟ್ಟಿಸಿದನು. ಈ ಸಾಲಿನಲ್ಲಿ ಮಧ್ಯಭಾರತದ ಸಿರೋಂಜಿನ ಬಳಿಯ ಕಲ್ಯಾಣಪುರವೂ, ಅಲ್ಲಿಂದ ಉತ್ತರಕ್ಕೆ ಸುಮಾರು ೬೦೦ ಕಿಲೋಮೀಟರು ದೂರದಲ್ಲಿ ಮುಜಫ್ಫರನಗರದ ಹತ್ತಿರವಿರುವ ಕಲಿಯಾನಾ ಎಂಬ ಗ್ರಾಮವೂ ಎರಡು ಮುಖ್ಯ ಸ್ಥಾನಗಳು.

ಎರಡು ಸ್ಥಾನಗಳ ಅಕ್ಷಾಂಶದ ಅಂತರವನ್ನು ಎರಡು ಬಗೆಯಲ್ಲಿ ತಿಳಿಯಬಹುದು. ನೆಲದ ಮೇಲೆ ಸರಪಣಿಯಿಂದಲೂ ತ್ರಿಕೋನಗಳಿಂದಲೂ ದೂರವನ್ನು ಅಳೆದು ಲೆಕ್ಕಹಾಕುವುದು ಒಂದು. ಎರಡು ಕಡೆಗಳಲ್ಲಿಯೂ ನಕ್ಷತ್ರಗಳು ನೆತ್ತಿಯಿಂದ ಎಷ್ಟು ಓರೆಯಾಗಿ ಹಾಯುವುವೆಂದು ನೋಡುವುದು ಇನ್ನೊಂದು. ನೆತ್ತಿ ಯಾವುದೆಂದು ಹೇಳುವುದು ತೂಗುಗುಂಡು. ಗೋಡೆ ನೆಟ್ಟಗೆ ಏಳುತ್ತಿದೆಯೇ ಎಂದು ನೋಡಲು ಗಾರೆಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವುದೂ ಅದನ್ನೇ. ಮೊದಲನೆಯ ಬಗೆಯಿಂದ ೫ ಅಂಶ ೨೩ ಕಲೆ ೪೨.೨೯ ವಿಕಲೆಗಳು ಬಂದುವು. ಎರಡನೆಯದರಿಂದ ೫ ಅಂಶ ೨೩ ಕಲೆ ೩೭.೦೬ ವಿಕಲೆಗಳು. ವ್ಯತ್ಯಾಸ ಐದು ವಿಕಲೆಗಳಿಗಿಂತ ಸ್ವಲ್ಪ ಹೆಚ್ಚು. ನೆಲದ ಮೇಲೆ ಹೇಳುವುದಾದರೆ ೬೦೦ ಕಿಲೋಮೀಟರಿನಲ್ಲಿ ಸುಮಾರು ೧೬೦ ಮೀಟರು. ಜಮೀನಿನ ಎಲ್ಲೆಯ ವ್ಯಾಜ್ಯವಾದರೆ ಇದು ದೊಡ್ಡದು. ಒಂದು ದೇಶವನ್ನೇ ಅಳೆದವರಿಗೆ ಕ್ಷಮ್ಯವೆಂದು ಯಾರಿಗಾದರೂ ತೋರಬಹುದು. ಎವರೆಸ್ಟನು ಇದನ್ನು ಅಳತೆಯ ಜಾಲದೊಳಗೆ ಎಲ್ಲಿಯೋ ಸೇರಿಕೊಂಡ ದೋಷವೆಂದೆಣಿಸಿ, ತ್ರಿಕೋನಗಳ ಮೇಲೆ ಹಂಚಿ ಸರಿಮಾಡಿದನು.

ಇದಕ್ಕೆ ಒಪ್ಪದವನು ಕಲ್ಕತ್ತದ ಆರ್ಚ್‌ಡೀಕನ್ ಪದವಿಯಲ್ಲಿದ್ದ ಜಾನ್ ಹೆನ್ರಿ ಪ್ರ್ಯಾಟ್ ಎಂಬ ಪಾದ್ರಿ. ಕೇಂಬ್ರಿಜ್ಜಿನಲ್ಲಿ ಗಣಿತವನ್ನು ಕಲಿತಿದ್ದ ಈತನು, ಕಲಿಯಾನಾ ಗ್ರಾಮವು ಹಿಮಾಲಯಕ್ಕೆ ಸಮೀಪವಾಗಿರುವುದರಿಂದ ಆ ಮಹಾರಾಶಿಯು ತೂಗುಗುಂಡನ್ನು ತನ್ನ ಕಡೆಗೆ ಎಳೆದುಕೊಂಡು ನೆತ್ತಿಯನ್ನೇ ಸರಿಸಿರಬೇಕೆಂದು ಊಹಿಸಿದನು. ಪರ್ವತವು ಗುಂಡನ್ನು ಎಳೆಯುವುದೆಂಬುದು ಆ ಮೊದಲೇ ತಿಳಿದಿದ್ದಿತು. ೧೭೭೪ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ ಮ್ಯಾಸ್ಕಲೀನನು ಅದನ್ನು ಪರೀಕ್ಷಿಸಿದ್ದನು. ಪ್ರ್ಯಾಟನು ಹಿಮಾಲಯವನ್ನೂ ಅದರಾಚೆಯ ಎತ್ತರದ ನೆಲವನ್ನೂ ತುಂಡುತುಂಡಾಗಿ ಭಾಗಿಸಿ, ಒಂದೊಂದರ ತೂಕವನ್ನೂ ಸೆಳೆತವನ್ನೂ ಗುಣಿಸಿದನು. ಕಲಿಯಾನಾದಲ್ಲಿ ೨೭.೮೫೩ ವಿಕಲೆ, ಕಲ್ಯಾಣಪುರದಲ್ಲಿ ೧೧.೯೬೮ ವಿಕಲೆ, ಬೀದರಿನ ಕಡೆಯ ದಾಮರಗಿಡ್ಡದಲ್ಲಿ ಕೂಡ ೬.೯೦೯ ವಿಕಲೆಗಳಷ್ಟು ಗುಂಡು ಉತ್ತರಕ್ಕೆ ವಾಲಬೇಕೆಂದು ಲೆಕ್ಕ ಬಂದಿತು. ಮೊದಲೆರಡರ ಅಂತರ ೧೫.೮೮೫. ಅಳತೆಯಲ್ಲಿ ಕಂಡುದು ೫.೨೩೬ ಮಾತ್ರ. ವ್ಯತ್ಯಾಸವು ಏಕೆ ಬಂದಿತೆಂದು ವಿವರಿಸಲು ಹೊರಟವನಿಗೆ, ಅದು ಏಕೆ ಅದರ ಮೂರರಷ್ಟು ಬರಲಿಲ್ಲವೆಂಬ ಇನ್ನೂ ದೊಡ್ಡ ಸಮಸ್ಯೆ ಎದುರಾಯಿತು. ಆತನು ಅದನ್ನು ಮರೆಸದೆ ೧೮೫೫ರ ತನ್ನ ಪ್ರಬಂಧದಲ್ಲಿ ಹಾಗೆಯೇ ಮುಂದಿಟ್ಟನು. ಈ ಪ್ರಾಮಾಣಿಕತೆಯೇ, ನನ್ನ ಎಣಿಕೆಯಲ್ಲಿ, ಆತನ ಗಣಿತಕ್ಕಿಂತಲೂ ಹೆಚ್ಚಿನದು. ದೊಡ್ಡ ಪ್ರಯಾಸದ ಲೆಕ್ಕವು ತನ್ನ ಊಹೆಯನ್ನೇ ಮೀರಿ ಹೋದಾಗ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವುದು ಮನುಷ್ಯಸಹಜ.

ಉತ್ತರ ಬೇಗನೆ ಬಂದಿತು. ಇಂಗ್ಲೆಂಡಿನ ರಾಜಜ್ಯೋತಿಷಿಯಾಗಿದ್ದ ಜಾರ್ಜ್ ಏರಿಯು ಕೆಲವೇ ವಾರಗಳಲ್ಲಿ ಒಂದು ಚಿಕ್ಕ ಲೇಖನವನ್ನು ಬರೆದು, ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲವೆಂದನು. ಭೂಮಿಯ ಹೊರಚಿಪ್ಪು ಇಂಥ ಪರ್ವತವನ್ನು ತಲೆಯ ಮೇಲೆ ಹೊತ್ತು ನಿಲ್ಲುವಷ್ಟು ಗಟ್ಟಿಯಲ್ಲ, ಹೊತ್ತರೆ ಬಿರಿದುಹೋಗುವುದು. ಆದುದರಿಂದ ಚಿಪ್ಪು ತನಗಿಂತ ಭಾರವಾದ, ಮೆತ್ತನೆಯ ಒಳದ್ರವ್ಯದ ಮೇಲೆ ತೇಲುತ್ತಿರಬೇಕು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಯಾವುದು ಇತರ ದಿಮ್ಮಿಗಳಿಗಿಂತ ಮೇಲಕ್ಕೆ ಎದ್ದು ಕಾಣುವುದೋ ಅದು ಕೆಳಕ್ಕೂ ಹೆಚ್ಚು ಮುಳುಗಿರುವುದೆಂದು ನೋಡಿದೊಡನೆ ಹೇಳಬಹುದಷ್ಟೆ. ಹಾಗೆಯೇ ಪರ್ವತದ ಕೆಳಗೆ ಹಗುರವಾದ ಕಲ್ಲಿನ ಬೇರೊಂದು ಆಳಕ್ಕೆ ಇಳಿದಿರಬೇಕು. ಮೇಲಿನ ರಾಶಿಯು ಗುಂಡನ್ನು ಎಷ್ಟು ಎಳೆಯುವುದೋ, ಕೆಳಗೆ ಭಾರವಾದ ದ್ರವ್ಯವಿರಬೇಕಾದ ಎಡೆಯಲ್ಲಿ ಹಗುರವಾದ ಬೇರಿರುವುದರಿಂದ ಆ ಸೆಳೆತದಲ್ಲಿ ಬಹುಪಾಲು ಕಳೆದುಹೋಗುವುದು. ಪ್ರ್ಯಾಟನು ಇದನ್ನು ಒಪ್ಪಲಿಲ್ಲ. ೧೮೫೯ರಲ್ಲಿ ಆತನು, ಪರ್ವತದ ಕೆಳಗಿನ ದ್ರವ್ಯವೇ ಉಬ್ಬಿ ಹಗುರವಾಗಿದೆ, ಬೇರೆಂಬುದಿಲ್ಲ ಎಂಬ ಬೇರೆ ಸಮಾಧಾನವನ್ನು ಕೊಟ್ಟನು. ಈ ತೂಗಿನಿಲ್ಲುವಿಕೆಗೆ ಅಮೆರಿಕದ ಕ್ಲಾರೆನ್ಸ್ ಡಟ್ಟನ್ನನು ಐಸೊಸ್ಟಸಿ ಎಂಬ ಹೆಸರನ್ನಿಟ್ಟನು. ಕನ್ನಡದಲ್ಲಿ ಸಮತೋಲಸ್ಥಿತಿ ಎನ್ನಬಹುದು. ಭೂಕಂಪದ ಅಲೆಗಳಿಂದ ಆಳವನ್ನು ನೋಡುವ ವಿದ್ಯೆ ಬಂದ ಮೇಲೆ ಹಿಮಾಲಯದ ಮಟ್ಟಿಗೆ ಏರಿಯ ಪಕ್ಷವೇ ಗೆದ್ದಿತು. ದಕ್ಷಿಣ ಭಾರತದಲ್ಲಿ ೩೫-೪೦ ಕಿಲೋಮೀಟರು ದಪ್ಪವಿರುವ ಚಿಪ್ಪು ಟಿಬೆಟ್ಟಿನ ಕೆಳಗೆ ೭೦ ಕಿಲೋಮೀಟರಿನಷ್ಟು ಇದೆ. ಸಮುದ್ರಮಧ್ಯದ ಏಣುಗಳಲ್ಲಿ ಪ್ರ್ಯಾಟನ ವಿವರಣೆಯೇ ಹೊಂದುವುದೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇದರಿಂದ ಹೊರಡುವ ಒಂದು ವಿಚಾರವು ನಮ್ಮ ನಾಡಿಗೆ ಸಂಬಂಧಿಸಿದುದು. ತೇಲುವ ಪರ್ವತದ ತಲೆಯನ್ನು ಮಳೆಯು ಸವೆಸಿದರೆ, ಹೊರೆ ಇಳಿಸಿದ ದೋಣಿಯಂತೆ ಅದು ಮೇಲಕ್ಕೆ ಏಳುವುದು. ಸವೆದ ಹತ್ತು ಪಾಲಿನಲ್ಲಿ ಎಂಟಕ್ಕೂ ಹೆಚ್ಚು ಪಾಲನ್ನು ಹೀಗೆ ತುಂಬಿಕೊಳ್ಳುವುದು. ಆದುದರಿಂದ ಪರ್ವತವು ಬೇಗ ಸಾಯುವುದಿಲ್ಲ. ಕಡೆಗೆ ಬೇರು ತೀರಿದಾಗ, ಹಿಂದೆ ಬಹು ಆಳದಲ್ಲಿ ಬೆಂದು ಹರಳುಗಟ್ಟಿದ ಕಲ್ಲು ನೆಲದ ಮಟ್ಟದಲ್ಲಿ ನಿಲ್ಲುವುದು. ಹಳೆಯ ಮೈಸೂರಿನ ನೆಲವು ಅಂತಹದು. ೧೮೮೦ರ ದಶಕದಲ್ಲಿ ಬ್ರೂಸ್ ಫುಟ್ಟನು ಧಾರವಾಡದ ಹೆಸರಿನಿಂದ ಕರೆದ ಮಡಿಚಿದ ಸ್ತರಗಳೂ, ಮೈಸೂರು ಭೂಗರ್ಭ ಇಲಾಖೆಯ ಸ್ಮೀತನು ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟ ಪಟ್ಟೆಕಲ್ಲೂ ಸವೆದುಹೋದ ಪರ್ವತಗಳ ಬುಡಗಳು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತಿರುವ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಸಂಜೆಯ ಹೊತ್ತು ಅದರ ಮೇಲೆ ಕುಳಿತು ಗಾಳಿ ತೆಗೆದುಕೊಳ್ಳುವವರು, ಹಿಮಾಲಯವೆಂಬ ಹೆಸರಿನ ಬೆಟ್ಟಗಳು ಏಳುವುದಕ್ಕೆ ೨೯೦ ಕೋಟಿ ವರ್ಷಗಳಿಗೂ ಮೊದಲು ಹುಟ್ಟಿದ ಕಲ್ಲಿನ ಮೇಲೆ ಕುಳಿತಿರುವರು.

ಪರ್ವತವು ತೇಲುವುದೆಂದಾಯಿತು. ಆದರೆ ಟಿಬೆಟ್ಟಿನ ಕೆಳಗಣ ಚಿಪ್ಪು ಇಮ್ಮಡಿಯಾದುದು ಹೇಗೆಂಬುದನ್ನು ಸಮತೋಲಸ್ಥಿತಿಯು ಹೇಳಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಯಲ್ಲಿದ್ದ ಉತ್ತರವೆಂದರೆ, ಒಣಗಿದ ಸೇಬಿನ ಸಿಪ್ಪೆಯಂತೆ ಆರುತ್ತಿರುವ ಭೂಮಿಯ ಮೈ ಸುಕ್ಕುಗಟ್ಟಿತೆಂಬುದು. ವಿಯೆನ್ನಾದ ಎಡ್ವರ್ಡ್ ಸ್ಯೂಸನು ಈ ಮತದವನೇ ಆಗಿದ್ದರೂ ಮುಂದೆ ಅದನ್ನು ಕೆಡವಿದ ಸಾಮಗ್ರಿಯನ್ನು ಕೂಡಿಹಾಕಿದವನೂ ಆತನೇ. ಆಲ್ಪ್ಸ್‌ನಿಂದ ಹಿಮಾಲಯದವರೆಗೆ ಪರ್ವತಗಳಲ್ಲಿ ಸಿಕ್ಕುವ ಕಡಲ ಸ್ತರಗಳೆಲ್ಲ ಒಂದೇ ಸಮುದ್ರದವೆಂದು ಕಂಡು, ಅದಕ್ಕೆ ೧೮೯೩ರಲ್ಲಿ ಟೆಥಿಸ್ ಎಂದು ಹೆಸರಿಟ್ಟನು. ನಮ್ಮ ಸಾಲಿಗ್ರಾಮಗಳ ಕಡಲು ಅದೇ. ಅದಕ್ಕೆ ಮೊದಲೇ, ಭಾರತ ಮತ್ತು ಆಫ್ರಿಕಗಳು ಹಿಂದೆ ಒಂದೇ ಭೂಖಂಡವಾಗಿದ್ದುವೆಂದು ಹೇಳಿ, ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಗೊಂಡ್ವಾನ ಎಂಬ ಹೆಸರನ್ನು ಅದಕ್ಕೆ ಕೊಟ್ಟಿದ್ದನು. ಗ್ಲಾಸಾಪ್ಟೆರಿಸ್ ಎಂಬ ಒಂದೇ ಗಿಡದ ಎಲೆಯ ಅಚ್ಚು ಈ ದೂರದೂರದ ನೆಲಗಳ ಕಲ್ಲಿದ್ದಲ ಸ್ತರಗಳಲ್ಲೆಲ್ಲ ಸಿಕ್ಕುತ್ತಿದ್ದಿತು.

ಇದಕ್ಕಿಂತಲೂ ವಿಚಿತ್ರವಾದ ಸಾಕ್ಷ್ಯವು ಒಡಿಶಾದ ತಾಲ್ಚೇರಿನಲ್ಲಿ ೧೮೫೬ರಲ್ಲಿಯೇ ಹೊರಬಿದ್ದಿದ್ದಿತು. ಕಲ್ಲಿದ್ದಲನ್ನು ಹುಡುಕುತ್ತಿದ್ದ ಬ್ಲ್ಯಾನ್‌ಫರ್ಡ್ ಸೋದರರು ಅಲ್ಲಿ ಬಹು ನುಣ್ಣನೆಯ ಜೇಡಿಯಲ್ಲಿ ದೊಡ್ಡ ದೊಡ್ಡ ಗುಂಡುಗಳು ಹುದುಗಿದ್ದ ಸ್ತರವೊಂದನ್ನು ಕಂಡರು. ಜೇಡಿಯು ಕೂಡಬೇಕಾದರೆ ನೀರು ನಿಶ್ಚಲವಾಗಿರಬೇಕು. ಗುಂಡುಗಳನ್ನು ತರಬೇಕಾದರೆ ರಭಸವಾಗಿ ಹರಿಯಬೇಕು. ಎರಡೂ ಒಂದೇ ಕಡೆ ಇರುವುದಕ್ಕೆ ನೀರ್ಗಲ್ಲೊಂದೇ ಕಾರಣವಾಗಬಲ್ಲುದು. ಬೇಸಿಗೆಯಲ್ಲಿ ಕಾದ ಹೆಂಚಿನಂತಿರುವ ತಾಲ್ಚೇರಿನಲ್ಲಿ ಸುಮಾರು ೩೦ ಕೋಟಿ ವರ್ಷಗಳ ಹಿಂದೆ ಹಿಮನದಿಗಳು ಹರಿಯುತ್ತಿದ್ದುವೆಂದು ಹೇಳಲು ಧೈರ್ಯ ಬೇಕಾಗಿದ್ದಿತು. ಭೂಮಿಯೆಲ್ಲವೂ ತಣ್ಣಗಾಗಿದ್ದಿತ್ತೆಂದು ಹೇಳೋಣವೆಂದರೆ ಅದೇ ಕಾಲದಲ್ಲಿ ಉತ್ತರದ ಖಂಡಗಳಲ್ಲಿ ಉಷ್ಣದೇಶದ ಕಾಡುಗಳು ಬೆಳೆದಿದ್ದುವು.

ಜರ್ಮನಿಯ ಆಲ್ಫ್ರೆಡ್ ವೇಗೆನರನು ೧೯೧೨ರ ಉಪನ್ಯಾಸದಲ್ಲಿಯೂ ೧೯೧೫ರ ಗ್ರಂಥದಲ್ಲಿಯೂ ಇದಕ್ಕೆ ನೇರವಾದ ಉತ್ತರವನ್ನು ಕೊಟ್ಟನು: ಭೂಖಂಡಗಳು ಸರಿದಿವೆ. ತಾಲ್ಚೇರಿನ ನೆಲವು ಆಗ ದಕ್ಷಿಣಧ್ರುವದ ಕಡೆಯಲ್ಲಿದ್ದಿತು. ಭಾರತವು ಉತ್ತರಕ್ಕೆ ಬಂದು ಏಷ್ಯದ ಮೇಲೆ ಒತ್ತಿದುದರಿಂದ ಹಿಮಾಲಯವು ಎದ್ದಿತು. ೧೯೨೨ರಲ್ಲಿ ಸ್ವಿಟ್ಜರ್ಲೆಂಡಿನ ಎಮಿಲ್ ಆರ್ಗಾಂಡನು, ಭಾರತದ ಮುಂಚು ಏಷ್ಯದ ಅಡಿಗೆ ನುಸುಳಿದುದರಿಂದಲೇ ಟಿಬೆಟ್ಟು ಅಷ್ಟು ಎತ್ತರವಾಯಿತೆಂದು ಬಹುಮಟ್ಟಿಗೆ ಇಂದಿನ ಅಭಿಪ್ರಾಯಕ್ಕೆ ಹತ್ತಿರವಾದ ಚಿತ್ರವನ್ನೇ ಬರೆದನು. ಆದರೆ ಖಂಡಗಳನ್ನು ತಳ್ಳುವ ಬಲ ಯಾವುದೆಂಬ ಪ್ರಶ್ನೆಗೆ ವೇಗೆನರನಲ್ಲಿ ಸರಿಯಾದ ಉತ್ತರವಿರಲಿಲ್ಲ. ಆತನು ಸೂಚಿಸಿದ ಬಲಗಳು ಲಕ್ಷಾಂತರ ಪಾಲು ಕಡಿಮೆಯೆಂದು ಗಣಿತಜ್ಞರು ತೋರಿಸಿದರು. ಅದರಲ್ಲಿ ಅವರು ಹೇಳಿದುದು ಸರಿಯೇ. ಬಲವು ತಿಳಿಯದೆಂದ ಮಾತ್ರಕ್ಕೆ ಚಲನೆಯೇ ಇಲ್ಲವೆಂದು ತೀರ್ಮಾನಿಸಿದುದು ಮಾತ್ರ ತಪ್ಪು. ಆರ್ಥರ್ ಹೋಮ್ಸನು ೧೯೨೮ರಲ್ಲಿ, ಧಾತುಗಳು ಒಡೆಯುವಾಗ ಹುಟ್ಟುವ ಶಾಖದಿಂದ ಭೂಮಿಯ ಒಡಲಿನ ಘನದ್ರವ್ಯವೇ ಒಲೆಯ ಮೇಲಣ ಗಂಜಿಯಂತೆ, ಆದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳ ಮಂದಗತಿಯಿಂದ, ಮೇಲಕ್ಕೂ ಕೆಳಕ್ಕೂ ಸುತ್ತುತ್ತಿರಬಹುದೆಂದನು. ಕೆಲ್ವಿನ್ನನ ಎದುರಿಗೆ ಪೆರ್ರಿಯು ಆಡಿದ್ದ ಮಾತು ಹೀಗೆ ಮೂವತ್ತಮೂರು ವರ್ಷಗಳ ತರುವಾಯ ಬೇರೊಂದು ಬಾಗಿಲಿನಿಂದ ಒಳಗೆ ಬಂದಿತು. ವೇಗೆನರನು ೧೯೩೦ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಮಡಿದನು. ಆಗ ಆತನ ಮತವನ್ನು ಒಪ್ಪುವವರು ವಿರಳವಾಗಿದ್ದರು.

ಈ ನಡುವೆ ಪರ್ವತದಲ್ಲಿ ಕೆಲಸಮಾಡುತ್ತಿದ್ದವರು ಬೇರೊಂದು ತೊಡಕನ್ನು ಎದುರಿಸುತ್ತಿದ್ದರು. ಹಿಮಾಲಯದ ಅಡಿಬೆಟ್ಟಗಳಾದ ಶಿವಾಲಿಕದ ಕಲ್ಲು ಹೊಸದು. ಅದರಲ್ಲಿ ಆನೆ, ಜಿರಾಫೆಗಳ ಪೂರ್ವಜರ ಎಲುಬುಗಳಿವೆ. ಆ ಹೊಸ ಕಲ್ಲಿನ ಮೇಲೆ ಬಹು ಹಳೆಯ ಕಲ್ಲು ಏರಿ ಕುಳಿತಿರುವುದನ್ನು ಮೆಡ್ಲಿಕಟ್ಟನು ೧೮೬೪ರ ಹೊತ್ತಿಗೇ ವರ್ಣಿಸಿದ್ದನು. ಮೇಲಕ್ಕೆ ಹೋದಂತೆ ಮತ್ತೆ ಮತ್ತೆ ಹೀಗೆಯೇ. ಓಲೆಯ ಕಟ್ಟಿನಲ್ಲಿ ಕೊನೆಯ ಗರಿಗಳ ಮೇಲೆ ಮೊದಲ ಗರಿಗಳನ್ನು ತಂದು ಯಾರೋ ಬಲವಂತವಾಗಿ ತುರುಕಿದಂತೆ. ನೂರಾರು ಕಿಲೋಮೀಟರು ಅಗಲದ ನೆಲವು ಹೋಳುಹೋಳಾಗಿ ಒಂದರ ಮೇಲೊಂದು ಹತ್ತದ ಹೊರತು ಈ ಕ್ರಮ ಬರಲಾರದು. ಚಿಪ್ಪು ಇಮ್ಮಡಿಯಾಗುವ ಬಗೆಯೂ ಇದರಿಂದಲೇ ತಿಳಿಯುವುದು. ೧೯೩೬ರಲ್ಲಿ ಔಗುಸ್ಟೊ ಗ್ಯಾನ್ಸರ್ ಎಂಬ ಸ್ವಿಸ್ ತರುಣನು, ವಿದೇಶೀಯರಿಗೆ ಪ್ರವೇಶವಿಲ್ಲದ ಟಿಬೆಟ್ಟನ್ನು ಬೌದ್ಧ ಯಾತ್ರಿಕನ ವೇಷದಲ್ಲಿ ಹೊಕ್ಕು, ಕೈಲಾಸಕ್ಕೆ ಪ್ರದಕ್ಷಿಣೆ ಬಂದನು. ಕೈಲಾಸದ ದಕ್ಷಿಣಕ್ಕೆ ಆತನಿಗೆ ಕಪ್ಪುಹಸುರು ಬಣ್ಣದ ಭಾರವಾದ ಕಲ್ಲುಗಳು ದೊರೆತುವು. ಅವು ಟೆಥಿಸ್ ಸಮುದ್ರದ ತಳದ ಚೂರುಗಳೆಂದೂ, ಸಿಂಧೂ ಬ್ರಹ್ಮಪುತ್ರಗಳ ಮೇಲ್ಕಣಿವೆಗಳನ್ನು ಹಿಡಿದು ಹೋಗುವ ಆ ಕಲ್ಲುಗಳ ಸಾಲೇ ಭಾರತ ಏಷ್ಯಗಳ ನಡುವಣ ಹೊಲಿಗೆಯೆಂದೂ ಮುಂದೆ ತಿಳಿದುಬಂದಿತು. ಶಿವನ ನೆಲೆಯ ಬುಡದಲ್ಲಿ ಕಡಲಿನ ತಳವು ಸಿಕ್ಕಿದ ಈ ಸಂದರ್ಭವು ಯಾವ ಪುರಾಣಕ್ಕೂ ಕಡಿಮೆಯಾದುದಲ್ಲ.

ವಿದ್ವಾಂಸರನ್ನು ಕಡೆಗೆ ಒಪ್ಪಿಸಿದುದು ದಿಕ್ಸೂಚಿಯ ಸೂಜಿ. ಬೆಳಗಾವಿ, ವಿಜಾಪುರ, ಕಲಬುರಗಿ, ಬೀದರುಗಳ ಎರೆಮಣ್ಣಿಗೆ ತಾಯಿಯಾದ ಕಪ್ಪುಕಲ್ಲು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾರಸವಾಗಿ ಉಕ್ಕಿ ಹರಡಿದುದು. ಲಾವಾರಸವು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದುಕೊಂಡು ಹಾಗೆಯೇ ಉಳಿಯುವುವು. ಕಾಂತದ ಸೂಜಿಯು ಭೂಮಧ್ಯರೇಖೆಯಲ್ಲಿ ಮಟ್ಟವಾಗಿ ನಿಂತು, ಧ್ರುವಗಳ ಕಡೆಗೆ ಹೋದಂತೆ ಹೆಚ್ಚು ಹೆಚ್ಚು ಓರೆಯಾಗುವುದರಿಂದ, ಕಲ್ಲಿನಲ್ಲಿ ಉಳಿದ ಓರೆಯನ್ನು ಅಳೆದರೆ ಅದು ಹುಟ್ಟಿದ ಅಕ್ಷಾಂಶವು ತಿಳಿಯುವುದು. ೧೯೫೦ರ ದಶಕದಲ್ಲಿ ಬ್ರಿಟನ್ನಿನ ಬ್ಲ್ಯಾಕೆಟ್ಟನ ಬಳಗದವರೂ ಇತರರೂ ದಖ್ಖನಿನ ಕಲ್ಲುಗಳನ್ನು ಹೀಗೆ ಪರೀಕ್ಷಿಸಿದಾಗ ಅವು ಭೂಮಧ್ಯರೇಖೆಯಿಂದ ಸುಮಾರು ೩೦ ಅಂಶ ದಕ್ಷಿಣದಲ್ಲಿ ಹುಟ್ಟಿದುವೆಂದು ಗೊತ್ತಾಯಿತು. ಈಗ ಅವು ಉತ್ತರಕ್ಕೆ ೧೫ರಿಂದ ೨೪ ಅಂಶಗಳಲ್ಲಿವೆ. ೧೯೬೩ರಲ್ಲಿ ಕೇಂಬ್ರಿಜ್ಜಿನ ವೈನ್ ಮತ್ತು ಮ್ಯಾಥ್ಯೂಸ್ ಎಂಬವರು ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನ ಅಳತೆಗಳಿಂದ, ಕಡಲ ತಳವು ಅಂಥ ಏಣುಗಳಲ್ಲಿ ಹೊಸದಾಗಿ ಹುಟ್ಟಿ ಎರಡು ಕಡೆಗೂ ಸರಿಯುತ್ತ, ಆಯಾ ಕಾಲದ ಕಾಂತದ ದಿಕ್ಕನ್ನು ಪಟ್ಟೆಪಟ್ಟೆಯಾಗಿ ಬರೆದಿಟ್ಟುಕೊಳ್ಳುವುದೆಂದು ವಾದಿಸಿದರು. ೧೯೬೭-೬೮ರ ವೇಳೆಗೆ ಭೂಮಿಯ ಹೊರಮೈಯೆಲ್ಲ ಚಲಿಸುವ ಕೆಲವು ಫಲಕಗಳೆಂಬ ಸಿದ್ಧಾಂತವು ರೂಪಗೊಂಡಿತು. ಭಾರತದ ಫಲಕವು ಒಂದು ಕಾಲದಲ್ಲಿ ವರ್ಷಕ್ಕೆ ೧೫ ಸೆಂಟಿಮೀಟರಿಗೂ ಮಿಗಿಲಾದ ವೇಗದಿಂದ ಉತ್ತರಕ್ಕೆ ಬಂದು, ಸುಮಾರು ೫ ಕೋಟಿ ವರ್ಷಗಳ ಹಿಂದೆ ಏಷ್ಯವನ್ನು ತಾಕಿ, ಆಮೇಲೆ ೫ ಸೆಂಟಿಮೀಟರಿನಷ್ಟಕ್ಕೆ ನಿಧಾನಿಸಿತು. ನಿಲ್ಲಲಿಲ್ಲ.

ನಿಲ್ಲಲಿಲ್ಲವೆಂಬುದನ್ನು ಈಗ ನೇರವಾಗಿಯೇ ಅಳೆದಿರುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಬ್ಟನ್ನನ ತರುವಾಯದವರು ದಕ್ಷಿಣ ಭಾರತದಲ್ಲಿ ಗುರುತಿಟ್ಟ ತ್ರಿಕೋನಬಿಂದುಗಳನ್ನು ೧೯೯೪ರಲ್ಲಿ ಉಪಗ್ರಹಗಳ ನೆರವಿನಿಂದ ಮತ್ತೆ ಅಳೆದಾಗ, ಅವುಗಳ ಪರಸ್ಪರ ಅಂತರಗಳಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯೇ ಕಾಣಲಿಲ್ಲ. ದಕ್ಷಿಣದ ನೆಲವು ಒಂದೇ ಹಲಗೆಯಾಗಿ ಸರಿಯುತ್ತಿದೆ. ಆ ಹಲಗೆಯು ಹಿಮಾಲಯವನ್ನು ಮುಟ್ಟುವಲ್ಲಿ ವರ್ಷಕ್ಕೆ ಸುಮಾರು ೨ ಸೆಂಟಿಮೀಟರು ಕುಗ್ಗುತ್ತಿರುವುದು. ಅಲ್ಲಿ ಎರಡು ಮೈಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಈ ಕುಗ್ಗುವಿಕೆ ಬಿಲ್ಲಿನ ಬಾಗಿನಂತೆ ಸೇರುತ್ತ ಹೋಗಿ, ಕಚ್ಚು ಬಿಟ್ಟೊಡನೆ ಭೂಕಂಪವಾಗುವುದು. ೧೯೦೫ರ ಕಾಂಗಡಾ ಭೂಕಂಪದಲ್ಲಿ ಸುಮಾರು ೨೦,೦೦೦ ಜನರು ಸತ್ತರು. ೧೯೩೪ರಲ್ಲಿ ಬಿಹಾರ ನೇಪಾಳಗಳೂ, ೧೯೫೦ರಲ್ಲಿ ಅಸ್ಸಾಮೂ ನಡುಗಿದುವು. ೨೦೧೫ರ ಏಪ್ರಿಲ್ ೨೫ರಂದು ಕಾಠ್ಮಂಡುವಿನ ನೆಲವು ಸುಮಾರು ಒಂದು ಮೀಟರು ಮೇಲೆದ್ದು, ಒಂದೂವರೆ ಮೀಟರಿಗಿಂತ ಹೆಚ್ಚಾಗಿ ದಕ್ಷಿಣಕ್ಕೆ ಜರುಗಿತು; ಸುಮಾರು ೯,೦೦೦ ಜನರು ಮಡಿದರು. ಪರ್ವತವು ಬೆಳೆಯುವ ಕ್ರಮವೇ ಇದು. ಸಾವಿರಾರು ಸಲ ಹೀಗಾಗಿ ಹಿಮಾಲಯವು ಹಿಮಾಲಯವಾಗಿದೆ. ಅಂದು ಸಡಿಲವಾದುದು ಆ ಕಚ್ಚಿನ ಒಂದು ಭಾಗ ಮಾತ್ರ. ಬಿರುಕು ದಕ್ಷಿಣದ ಅಡಿಬೆಟ್ಟಗಳವರೆಗೆ ಬಂದು ನೆಲದ ಮೇಲೆ ಕಾಣಿಸಿಕೊಳ್ಳಲಿಲ್ಲ.

ಕಾಠ್ಮಂಡುವಿನಿಂದ ಪಶ್ಚಿಮಕ್ಕೆ ದೆಹರಾದೂನಿನ ಕಡೆಯವರೆಗೆ, ೧೫೦೫ರ ಜೂನ್ ತಿಂಗಳಿನ ಮಹಾಕಂಪದ ತರುವಾಯ ಅಷ್ಟು ದೊಡ್ಡದು ಸಂಭವಿಸಿಲ್ಲ. ನಡುವೆ ೧೮೦೩ರ ಗಢವಾಲದ ಕಂಪದಂತಹವು ಬಂದು ಹೋಗಿದ್ದರೂ ಅವು ಒತ್ತಡವನ್ನೆಲ್ಲ ತೀರಿಸಿದುವೆಂದು ಹೇಳುವಂತಿಲ್ಲ. ವರ್ಷಕ್ಕೆ ೨ ಸೆಂಟಿಮೀಟರಿನಂತೆ ಐದುನೂರು ವರ್ಷಗಳಿಗೆ ಹತ್ತು ಮೀಟರುಗಳಾಗುವುವು. ಈ ಪರ್ವತಪಂಕ್ತಿಯ ಎದುರಿಗೆ ದಕ್ಷಿಣದಲ್ಲಿ ಹರಡಿರುವುದು ಹಿಮಾಲಯವೇ ಸವೆದು ತುಂಬಿದ ಮೆತ್ತನೆಯ ಮೆಕ್ಕಲುಮಣ್ಣಿನ ಬಯಲು. ಅಂತಹ ಮಣ್ಣಿನಲ್ಲಿ ಕಂಪದ ಅಲೆಗಳು ಹೆಚ್ಚಿ ಹರಡುವುವು. ದೇಶದಲ್ಲಿ ಅತಿ ದಟ್ಟವಾಗಿ ಜನರು ವಾಸಿಸುವ ನಾಡುಗಳಲ್ಲಿ ಇದು ಒಂದು. ಐದು ವಿಕಲೆಗಳ ವ್ಯತ್ಯಾಸವನ್ನು ತೋರಿದ ಕಲಿಯಾನಾ ಗ್ರಾಮವಿರುವುದೂ ಆ ಬಯಲಿನಲ್ಲಿಯೇ.